ಫ್ರಿಜ್‌ನಲ್ಲಿ ಉಳಿದದ್ದರಿಂದ ಸೂಪ್: ಯಾವುದು ಮೊದಲು, ಯಾವುದು ಕೊನೆಗೆ

"ಉಳಿದ ತರಕಾರಿ, ಅನ್ನ, ಬೇಳೆ ಎಲ್ಲ ಸೇರಿಸಿ ಸೂಪ್ ಮಾಡಿದೆ, ನೀರು ನೀರಾಗಿ ಸಪ್ಪೆ ಬಂತು, ಏನು ತಪ್ಪಾಯಿತು?" ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಉತ್ತರ ಮಾತ್ರ ಹೆಚ್ಚುಕಮ್ಮಿ ಒಂದೇ. ನೀವು ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಸುರಿದು, ನೀರು ಹಾಕಿ ಕುದಿಸಿದ್ದೀರಿ. ಅದು ಸೂಪ್ ಅಲ್ಲ, ಬಿಸಿನೀರಿನಲ್ಲಿ ತೇಲುವ ನಿನ್ನೆಯ ಊಟ.

ಇಂಥ ಸೂಪ್‌ನಲ್ಲಿ ಏನು ಹಾಕುತ್ತೀರಿ ಅನ್ನುವುದಕ್ಕಿಂತ ಯಾವಾಗ ಹಾಕುತ್ತೀರಿ ಅನ್ನುವುದೇ ಮುಖ್ಯ. ಹಸಿಯದ್ದು ಮೊದಲು, ಬೆಂದದ್ದು ಆಮೇಲೆ, ಹುಳಿ ಎಲ್ಲಕ್ಕಿಂತ ಕೊನೆಗೆ. ಯಾಕೆ ಹಾಗೆ ಅಂತ ಗೊತ್ತಿದ್ದರೆ ನಿಮ್ಮ ಮನೆಯಲ್ಲಿ ಇರುವುದಕ್ಕೆ ತಕ್ಕ ಹಾಗೆ ನೀವೇ ಬದಲಾಯಿಸಿಕೊಳ್ಳಬಹುದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆದಿದ್ದೇನೆ.

ಏನೇನು ಬೇಕು

4 ಜನರಿಗೆ ಆಗುವಷ್ಟು ಅಂದಾಜು ಅಳತೆ ಇದು. ಎಣ್ಣೆ ಅಥವಾ ಬೆಣ್ಣೆ 2 ದೊಡ್ಡ ಚಮಚ, ದೊಡ್ಡ ಈರುಳ್ಳಿ 1, ಬೆಳ್ಳುಳ್ಳಿ 3-4 ಎಸಳು. ಕ್ಯಾರೆಟ್, ಆಲೂಗಡ್ಡೆ, ಕುಂಬಳಕಾಯಿಯಂಥ ಗಟ್ಟಿ ಹಸಿ ತರಕಾರಿ ಹೆಚ್ಚಿದ್ದು 2 ಕಪ್. ಮಸೂರ ಬೇಳೆ ಅರ್ಧ ಕಪ್. ಈಗಾಗಲೇ ಬೆಂದಿರುವ ಉಳಿಕೆ ಏನಿದ್ದರೂ ಸುಮಾರು 2 ಕಪ್. ನೀರು ಒಂದೂಕಾಲು ಲೀಟರ್. ಉಪ್ಪು, ಕರಿಮೆಣಸಿನ ಪುಡಿ, ಅರ್ಧ ನಿಂಬೆಹಣ್ಣು.

ಈರುಳ್ಳಿ, ಎಣ್ಣೆ, ಉಪ್ಪು, ಹುಳಿ, ಈ ನಾಲ್ಕನ್ನು ಬಿಡಬೇಡಿ. ಮಿಕ್ಕದ್ದೆಲ್ಲ ಬದಲಾದರೂ ನಡೆಯುತ್ತದೆ. ಬೇಳೆ ಇಲ್ಲದಿದ್ದರೆ ಆಲೂಗಡ್ಡೆ ಜಾಸ್ತಿ ಹಾಕಿ. ಕ್ಯಾರೆಟ್ ಇಲ್ಲವೇ, ಬೇಡ ಬಿಡಿ. ಪಾತ್ರೆಯ ತಳ ಮಾತ್ರ ದಪ್ಪ ಇರಲಿ. ತೆಳು ಪಾತ್ರೆಯಲ್ಲಿ ಬೇಳೆ, ಆಲೂಗಡ್ಡೆ ಕಣ್ಣು ಮಿಟುಕಿಸುವಷ್ಟರಲ್ಲಿ ತಳ ಹಿಡಿಯುತ್ತವೆ.

1. ಒಲೆ ಹಚ್ಚುವ ಮೊದಲು ಉಳಿದದ್ದನ್ನು ನೋಡಿ

ಬೇಯಿಸಿದ ಪದಾರ್ಥ ಒಲೆಯಿಂದ ಇಳಿಸಿದ 2 ಗಂಟೆಯೊಳಗೆ ಫ್ರಿಜ್ ಸೇರಿತ್ತಾ? ಸೆಕೆಗಾಲದಲ್ಲಿ, ಅಂದರೆ ಹೊರಗೆ 32 ಡಿಗ್ರಿ ದಾಟಿದ್ದರೆ, ಆ 2 ಗಂಟೆ 1 ಗಂಟೆ ಆಗುತ್ತದೆ. ಹಾಗೆ ಸರಿಯಾಗಿ ಇಟ್ಟದ್ದಾದರೆ ಹೆಚ್ಚಿನವು 3-4 ದಿನ ಬಳಸಲು ಯೋಗ್ಯ. "ಮೂಸಿ ನೋಡಿದೆ, ವಾಸನೆ ಏನಿಲ್ಲ" ಅನ್ನುವ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಹೊಟ್ಟೆ ಕೆಡಿಸುವ ಎಷ್ಟೋ ಬ್ಯಾಕ್ಟೀರಿಯಾ ವಾಸನೆಯನ್ನಾಗಲಿ ರುಚಿಯನ್ನಾಗಲಿ ಬದಲಿಸುವುದೇ ಇಲ್ಲ.

ಅನ್ನದ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ರೂಪ, ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಹೊರಗೇ ಉಗುರು ಬೆಚ್ಚಗೆ ಕೂತರೆ ಅವು ಎದ್ದು, ಬೆಳೆದು, ವಿಷ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. "ಹೇಗೂ ಸೂಪ್‌ನಲ್ಲಿ ಚೆನ್ನಾಗಿ ಕುದಿಯುತ್ತಲ್ಲ" ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಬೇಗ ಆರಿಸಿ ಫ್ರಿಜ್‌ನಲ್ಲಿಟ್ಟ ಅನ್ನವನ್ನು ಒಂದು ದಿನದೊಳಗೆ ಬಳಸಿ. ರಾತ್ರಿಯೆಲ್ಲ ಹೊರಗಿದ್ದದ್ದನ್ನು ಸೂಪ್‌ಗೆ ಹಾಕಬೇಡಿ.

ಹಸಿ ತರಕಾರಿ ಬಾಡಿದ್ದರೆ ಚಿಂತೆ ಇಲ್ಲ. ಕ್ಯಾರೆಟ್ ಬಾಗುತ್ತಿದೆ ಅಂದರೆ ಅದರ ನೀರು ಹೋಗಿದೆ ಅಷ್ಟೆ, ಸೂಪ್‌ನಲ್ಲಿ ಬಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಲೋಳೆ ಬಂದಿದ್ದರೆ, ಬೂಸ್ಟು ಹಿಡಿದಿದ್ದರೆ ಎಸೆಯಿರಿ. ಮೆತ್ತಗಿನ ಪದಾರ್ಥದಲ್ಲಿ ಬೂಸ್ಟು ಕಂಡಷ್ಟೇ ಜಾಗದಲ್ಲಿ ಇರುವುದಿಲ್ಲ, ಆದ್ದರಿಂದ ಆ ಭಾಗ ಮಾತ್ರ ಕತ್ತರಿಸಿ ಬಳಸುವುದು ಬೇಡ. ಹಸಿರು ತಿರುಗಿದ ಆಲೂಗಡ್ಡೆಯೂ ಬೇಡ, ಅದರಲ್ಲಿ ಸೋಲನೈನ್ ಅನ್ನುವ ಕಹಿ ವಿಷ ಜಾಸ್ತಿ ಆಗಿರುತ್ತದೆ.

ಕೆಟ್ಟಿಲ್ಲದಿದ್ದರೂ ಕೆಲವು ಸೂಪ್‌ಗೆ ಒಗ್ಗುವುದಿಲ್ಲ. ಬೀಟ್‌ರೂಟ್ ಎರಡು ತುಂಡು ಬಿದ್ದರೂ ಪಾತ್ರೆಯೆಲ್ಲ ಗುಲಾಬಿ. ಹಿಟ್ಟಿನಲ್ಲಿ ಅದ್ದಿ ಕರಿದದ್ದು ನೆನೆದು ಮುದ್ದೆಯಾಗುತ್ತದೆ. ಮಸಾಲೆ ಜೋರಾಗಿರುವ ಪಲ್ಯವನ್ನು ಹಾಕಿದರೆ ಸೂಪ್ ಪೂರ್ತಿ ಅದರದ್ದೇ ರುಚಿ. ಅದನ್ನೇ ಮುಖ್ಯ ರುಚಿ ಮಾಡುತ್ತೀರಾದರೆ ಸರಿ, ಆದರೆ ಅಂಥವು ಎರಡು ಸೇರಿಸಬೇಡಿ.

2. ಈರುಳ್ಳಿಗೆ 10 ನಿಮಿಷ ಕೊಡಿ

ಇಡೀ ಸೂಪ್ ನಿಂತಿರುವುದೇ ಇಲ್ಲಿ. ಉಳಿಕೆಗಳ ರುಚಿ ಫ್ರಿಜ್‌ನಲ್ಲಿ ಇದ್ದು ಮಂಕಾಗಿರುತ್ತದೆ. ತಳದಲ್ಲಿ ಏನಾದರೂ ಹೊಸದಾಗಿ ಬೆಂದಿದ್ದರೆ ಮಾತ್ರ ಆ ಮಂಕುತನ ಮುಚ್ಚಿಹೋಗುತ್ತದೆ.

ಎಣ್ಣೆ ಬಿಸಿಯಾಗಲಿ, ಹೊಗೆ ಬರುವಷ್ಟು ಬೇಡ. ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಒಂದು ಚಿಟಿಕೆ ಉಪ್ಪಿನ ಜೊತೆ ಹಾಕಿ ಉರಿ ತಗ್ಗಿಸಿ. ಉಪ್ಪು ಈರುಳ್ಳಿಯ ನೀರನ್ನು ಹೊರಗೆಳೆಯುತ್ತದೆ, ಆ ನೀರು ಇರುವ ತನಕ ಅದು ಸೀಯುವುದಿಲ್ಲ. ಹಾಕಿದ ಕೂಡಲೇ ಚುರ್ ಅನ್ನುತ್ತದೆ, ಎರಡು ನಿಮಿಷಕ್ಕೆ ಸದ್ದು ಇಳಿದು ಮೆಲ್ಲಗೆ ಪಿಸುಗುಟ್ಟಲು ಶುರು ಮಾಡುತ್ತದೆ. 5 ನಿಮಿಷಕ್ಕೆ ತುಂಡುಗಳ ಅಂಚು ಗಾಜಿನ ಹಾಗೆ ಕಾಣುತ್ತದೆ. ಎಲ್ಲರೂ ನೀರು ಸುರಿಯುವುದು ಇಲ್ಲೇ, ನೀವು ಸುರಿಯಬೇಡಿ. ಇನ್ನೂ 5 ನಿಮಿಷ ಬಿಡಿ, ಆಗಾಗ ಕೈಯಾಡಿಸಿ. ಕಣ್ಣಿಗೆ ಹೊಡೆಯುವ ಘಾಟು ಹೋಗಿ ಸಿಹಿ ಪರಿಮಳ ಬರುತ್ತದೆ, ಒಂದು ತುಂಡನ್ನು ಸೌಟಿನಿಂದ ಒತ್ತಿದರೆ ಸುಮ್ನೆ ಚಪ್ಪಟೆಯಾಗುತ್ತದೆ. ಅದು ಹದ.

ಈಗ ಬೆಳ್ಳುಳ್ಳಿ. ಮೊದಲೇ ಹಾಕಿದ್ದರೆ ಇಷ್ಟೊತ್ತಿಗೆ ಕಪ್ಪಾಗಿರುತ್ತಿತ್ತು. ಸೀದ ಬೆಳ್ಳುಳ್ಳಿಯ ಕಹಿಯನ್ನು ಆಮೇಲೆ ಯಾವುದರಿಂದಲೂ ತೆಗೆಯಲು ಆಗುವುದಿಲ್ಲ. ಅದಕ್ಕೆ ಅರ್ಧದಿಂದ ಒಂದು ನಿಮಿಷ ಸಾಕು. ಕರಿಮೆಣಸು, ಜೀರಿಗೆ, ಒಣಗಿದ ಸೊಪ್ಪಿನ ಪುಡಿ ಏನಿದ್ದರೂ ಇದೇ ಹೊತ್ತಿಗೆ ಹಾಕಿ. ಮಸಾಲೆಗಳ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ನೀರಿಗೆ ಉದುರಿಸಿದರೆ ಅರ್ಧ ವ್ಯರ್ಥ.

ಡಬ್ಬಿಯಲ್ಲಿ ಟೊಮೆಟೊ ಪೇಸ್ಟ್ ಉಳಿದಿದ್ದರೆ 1 ಚಮಚ ಹಾಕಿ, ಕೆಂಪು ಬಣ್ಣ ಇಟ್ಟಿಗೆ ಬಣ್ಣಕ್ಕೆ ತಿರುಗುವ ತನಕ ಹುರಿಯಿರಿ. ಒಂದು ಚಮಚ ಅಷ್ಟೆ, ಅದರ ಹುಳಿ ಇಷ್ಟಕ್ಕೆ ತೊಂದರೆ ಕೊಡುವುದಿಲ್ಲ.

3. ಗಟ್ಟಿ ತರಕಾರಿ, ಬೇಳೆ, ನೀರು

ಹಸಿ ತರಕಾರಿಯನ್ನು ಒಂದೇ ಗಾತ್ರಕ್ಕೆ, ಸುಮಾರು ಒಂದೂವರೆ ಸೆಂಟಿಮೀಟರ್‌ಗೆ ಹೆಚ್ಚಿಕೊಳ್ಳಿ. ಕ್ಯಾರೆಟ್ ಆಲೂಗಡ್ಡೆಗಿಂತ ತಡವಾಗಿ ಬೇಯುತ್ತದೆ, ಅದನ್ನು ಇನ್ನೂ ಸಣ್ಣ ಮಾಡಿ. ಎಣ್ಣೆಯಲ್ಲಿ 2 ನಿಮಿಷ ಹೊರಳಾಡಿಸಿ, ತೊಳೆದ ಬೇಳೆ ಹಾಕಿ, ಬಿಸಿನೀರು ಸುರಿಯಿರಿ.

ನೀರು ಎಷ್ಟು? ಮೇಲೆ ಒಂದೂಕಾಲು ಲೀಟರ್ ಅಂದೆ, ಆದರೆ ಅಷ್ಟನ್ನೂ ಒಂದೇ ಸಲ ಸುರಿಯಬೇಡಿ. ಪದಾರ್ಥ ಮುಳುಗಿ ಅದರ ಮೇಲೆ ಎರಡು ಬೆರಳು ನಿಂತರೆ ಸಾಕು. ಗಟ್ಟಿಯಾದರೆ ಆಮೇಲೆ ಒಂದು ಲೋಟ ಸೇರಿಸುವುದು ಸುಲಭ. ನೀರು ಜಾಸ್ತಿ ಆದರೆ ಕುದಿಸಿ ಇಂಗಿಸುವುದು ತಲೆನೋವು, ಅಷ್ಟರಲ್ಲಿ ತರಕಾರಿ ಕರಗಿ ಹೋಗಿರುತ್ತದೆ. ನೀರು ನೀರಾದ ಸೂಪ್‌ಗಳಲ್ಲಿ ಅರ್ಧ ಇಲ್ಲೇ ಹಾಳಾಗಿರುತ್ತವೆ.

ನೀರಿನ ಬದಲು ಸ್ಟಾಕ್ ಇದ್ದರೆ ಇನ್ನೂ ಒಳ್ಳೆಯದು. ಸ್ಟಾಕ್ ಅಂದರೆ ತರಕಾರಿ ಅಥವಾ ಮೂಳೆಯನ್ನು ಬೇಯಿಸಿ ಸೋಸಿದ ನೀರು, ಅಷ್ಟೇ. ಈರುಳ್ಳಿಯ ತುದಿ, ಕ್ಯಾರೆಟ್ ಸಿಪ್ಪೆ, ಅಣಬೆಯ ಕಾಲು, ಕೊತ್ತಂಬರಿ ದಂಟು, ಇವನ್ನು ತೊಳೆದು ಫ್ರೀಜರ್‌ನಲ್ಲಿ ಒಂದು ಡಬ್ಬಿಗೆ ಸೇರಿಸುತ್ತಾ ಬನ್ನಿ. ಡಬ್ಬಿ ತುಂಬಿದ ದಿನ ನೀರು ಹಾಕಿ 30-45 ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ ಸೋಸಿ. ಕೋಸು, ಹೂಕೋಸು, ಬ್ರೊಕೊಲಿಯ ಚೂರುಗಳನ್ನು ಇದಕ್ಕೆ ಹಾಕಬೇಡಿ. ಹೆಚ್ಚು ಹೊತ್ತು ಬೆಂದರೆ ಅವುಗಳಿಂದ ಗಂಧಕದ ವಾಸನೆ ಬರುತ್ತದೆ, ಮನೆಯೆಲ್ಲ ಹರಡುತ್ತದೆ ಕೂಡ. ಅಂಗಡಿಯ ಸ್ಟಾಕ್ ಕ್ಯೂಬ್ ಹಾಕುವವರು ಬೇರೆ ಉಪ್ಪನ್ನು ಈಗ ಮುಟ್ಟಲೇಬೇಡಿ, ಅದರಲ್ಲೇ ಬೇಕಾದಷ್ಟು ಇರುತ್ತದೆ.

ಒಂದು ಕುದಿ ಬರಲಿ, ಆಮೇಲೆ ಉರಿ ಸಣ್ಣದು. ಮೇಲ್ಮೈಯಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸರಿ. ಕೊತಕೊತ ಕುದಿಸಿದರೆ ತುಂಡುಗಳು ಒಡೆಯುತ್ತವೆ, ಬೇಳೆ ತಳ ಹಿಡಿಯುತ್ತದೆ. ಮಸೂರ ಬೇಳೆ, ಸಣ್ಣಗೆ ಹೆಚ್ಚಿದ ಆಲೂಗಡ್ಡೆ 15-20 ನಿಮಿಷಕ್ಕೆ ಬೇಯುತ್ತವೆ.

ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು, ಟೊಮೆಟೊ, ನಿಂಬೆ, ವಿನೆಗರ್ ಯಾವುದನ್ನೂ ಈಗ ಹಾಕಬೇಡಿ. ಹುಳಿ ಇರುವ ನೀರಿನಲ್ಲಿ ಆಲೂಗಡ್ಡೆ, ಬೇಳೆ, ಕಾಳುಗಳು ಮೆತ್ತಗಾಗುವುದೇ ಇಲ್ಲ ಅನ್ನುವಷ್ಟು ತಡ ಮಾಡುತ್ತವೆ. ಅವುಗಳ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಗಟ್ಟಿಯಾಗಿಯೇ ಉಳಿಯುತ್ತದೆ. "ಒಂದು ಗಂಟೆ ಬೇಯಿಸಿದರೂ ಆಲೂಗಡ್ಡೆ ಕಟುಂ ಅನ್ನುತ್ತೆ" ಅಂತ ದೂರುವವರು ಟೊಮೆಟೊ ಯಾವಾಗ ಹಾಕಿದ್ದು ನೆನಪು ಮಾಡಿಕೊಳ್ಳಿ.

ಎರಡನೆಯದು ಒಣ ರಾಜ್ಮಾ ಕಾಳು. ಇದನ್ನು ಮಸೂರದ ಹಾಗೆ ನೇರವಾಗಿ ಸೂಪ್‌ಗೆ ಹಾಕುವ ಹಾಗಿಲ್ಲ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ವಿಷ ಇರುತ್ತದೆ. ಕಡೇ ಪಕ್ಷ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಜೋರಾಗಿ ಕುದಿಸಿ, ಪೂರ್ತಿ ಮೆತ್ತಗಾದ ಮೇಲೆ ಬಳಸಿ. ನಿಧಾನವಾಗಿ ಬೇಯಿಸುವ ಎಲೆಕ್ಟ್ರಿಕ್ ಪಾತ್ರೆಯಲ್ಲಿ ಹಸಿ ರಾಜ್ಮಾ ಹಾಕುವುದಂತೂ ಬೇಡವೇ ಬೇಡ, ಅದರ ಕಾವು ಆ ವಿಷ ಕಳೆಯುವಷ್ಟು ಏರುವುದಿಲ್ಲ. ಡಬ್ಬಿಯಲ್ಲಿ ಬರುವ ಕಾಳು ಮೊದಲೇ ಬೆಂದಿರುತ್ತದೆ, ತೊಳೆದು ಹಾಕಿದರಾಯಿತು.

4. ಬೆಂದದ್ದರ ಸರದಿ

ಆಲೂಗಡ್ಡೆಗೆ ಚಾಕು ಸಲೀಸಾಗಿ ಇಳಿಯುತ್ತಿದೆಯಾ? ಈಗ ಫ್ರಿಜ್‌ನ ಡಬ್ಬಿಗಳನ್ನು ತೆಗೆಯಿರಿ. ಟೊಮೆಟೊ ಹಾಕುವುದಿದ್ದರೂ ಈಗಲೇ.

ಬೆಂದ ತರಕಾರಿ, ಕಾಳು, ಮಾಂಸ ಯಾವುದೇ ಇರಲಿ, ಮತ್ತೆ ಬೇಯಿಸುವುದು ಬೇಕಿಲ್ಲ, ಒಳಗಿನವರೆಗೂ ಬಿಸಿಯಾಗಬೇಕು ಅಷ್ಟೆ. ಥರ್ಮಾಮೀಟರ್ ಇದ್ದರೆ 74 ಡಿಗ್ರಿ. ಇಲ್ಲದಿದ್ದರೆ ಸೂಪ್ ಮತ್ತೊಮ್ಮೆ ಚೆನ್ನಾಗಿ ಕುದಿ ಬಂದು, 3-4 ನಿಮಿಷ ಕುದಿಯಲಿ. ಮಾಂಸವನ್ನು ಸಣ್ಣಗೆ ಎಳೆ ಎಳೆಯಾಗಿ ಬಿಡಿಸಿ ಹಾಕಿ. ದೊಡ್ಡ ತುಂಡಾದರೆ ಹೊರಗೆ ರಬ್ಬರ್ ಆದರೂ ನಡುವೆ ತಣ್ಣಗೇ ಇರುತ್ತದೆ. ಸೊಪ್ಪು ಎಲ್ಲಕ್ಕಿಂತ ಕೊನೆಗೆ, 2 ನಿಮಿಷ ಇರುವಾಗ.

ಅನ್ನ ಮತ್ತು ಪಾಸ್ತಾ ಬಗ್ಗೆ ನನ್ನ ಸಲಹೆ ಬೇರೆ. ಪಾತ್ರೆಗೆ ಹಾಕಲೇಬೇಡಿ. ಬೇರೆ ಕಡೆ ಹಬೆಯಾಡುವ ಹಾಗೆ ಬಿಸಿ ಮಾಡಿ ಬಟ್ಟಲಿಗೆ ಹಾಕಿ, ಮೇಲೆ ಸೂಪ್ ಸುರಿಯಿರಿ. ಪಾತ್ರೆಯಲ್ಲಿ ಬಿಟ್ಟರೆ ಅವು ನೀರು ಕುಡಿಯುತ್ತಲೇ ಇರುತ್ತವೆ, ಒಂದು ಗಂಟೆ ಬಿಟ್ಟು ಮುಚ್ಚಳ ತೆಗೆದರೆ ಸೂಪ್ ಇರುವುದಿಲ್ಲ, ಗಂಜಿ ಇರುತ್ತದೆ.

5. ಗಟ್ಟಿ ಮಾಡುವುದು

ಸುಲಭದ ದಾರಿ ಸೌಟು. ಆಲೂಗಡ್ಡೆ, ಬೇಳೆ, ಕುಂಬಳಕಾಯಿಯಲ್ಲಿ ಮೂರನೇ ಒಂದು ಭಾಗವನ್ನು ಪಾತ್ರೆಯ ಗೋಡೆಗೆ ಒತ್ತಿ ಮಸೆಯಿರಿ. ತುಂಡೂ ಸಿಗುತ್ತದೆ, ಗಟ್ಟಿಯೂ ಆಗುತ್ತದೆ. ನಿನ್ನೆಯ ಒಣ ಬ್ರೆಡ್ ಒಂದು ಚೂರು ಮುರಿದು ಹಾಕಿದರೂ ಆಗುತ್ತದೆ, ಒಂದು ಹಿಡಿ ಓಟ್ಸ್ ಆದರೂ ಸರಿ.

ಕಾರ್ನ್‌ಫ್ಲೋರ್ ಹಾಕುವುದಾದರೆ 1 ದೊಡ್ಡ ಚಮಚವನ್ನು 2 ದೊಡ್ಡ ಚಮಚ ತಣ್ಣೀರಿನಲ್ಲಿ ಕದಡಿ, ಸೂಪ್ ಕುದಿಯುತ್ತಿರುವಾಗ ಕೈಯಾಡಿಸುತ್ತಾ ಸುರಿಯಿರಿ. ಪುಡಿಯನ್ನು ನೇರವಾಗಿ ಬಿಸಿ ಸೂಪ್‌ಗೆ ಉದುರಿಸಿದರೆ ಒಟ್ಟಿಗೆ ಬಿದ್ದ ಪುಡಿಯ ಹೊರಪದರ ತಕ್ಷಣ ಬೆಂದು ಅಂಟಾಗುತ್ತದೆ, ಒಳಗೆ ಹಸಿ ಹಿಟ್ಟು ಸಿಕ್ಕಿಕೊಳ್ಳುತ್ತದೆ. ಗಂಟು ಅಂದರೆ ಅದೇ.

ನುಣ್ಣಗೆ ಬೇಕು ಅನ್ನುವವರು ಮಿಕ್ಸಿ ಹಿಡಿಯುತ್ತೀರಿ. ಆದರೆ ಬಿಸಿ ಸೂಪ್ ಹಾಕಿ ಮುಚ್ಚಳ ಬಿಗಿದು ತಿರುಗಿಸಿದರೆ ಒಳಗಿನ ಹಬೆಗೆ ದಾರಿ ಇಲ್ಲದೆ ಮುಚ್ಚಳವನ್ನೇ ಎಸೆಯುತ್ತದೆ. ನನ್ನ ಅಡುಗೆಮನೆಯ ಚಾವಣಿಯಲ್ಲಿ ಕುಂಬಳಕಾಯಿ ಬಣ್ಣದ ಒಂದು ಕಲೆ ಇವತ್ತಿಗೂ ಇದೆ. ಮುಖಕ್ಕೆ ಹಾರದೆ ಮೇಲಕ್ಕೆ ಹಾರಿದ್ದು ಪುಣ್ಯ. ಆದಷ್ಟು ಆರಿಸಿ, ಜಾರಿನ ಮೂರನೇ ಒಂದು ಭಾಗ ಮಾತ್ರ ತುಂಬಿ, ಮುಚ್ಚಳದ ನಡುವೆ ತೆಗೆಯುವ ಬಿರಡೆ ಇದ್ದರೆ ತೆಗೆದು ಅದರ ಮೇಲೆ ದಪ್ಪ ಬಟ್ಟೆ ಹಿಡಿದು, ನಿಧಾನ ವೇಗದಿಂದ ಶುರು ಮಾಡಿ. ಆಲೂಗಡ್ಡೆಯೇ ಜಾಸ್ತಿ ಇರುವ ಸೂಪ್ ಆದರೆ ಮಿಕ್ಸಿ ಬೇಡ. ಬ್ಲೇಡಿಗೆ ಸಿಕ್ಕ ಆಲೂಗಡ್ಡೆಯ ಪಿಷ್ಟ ಹೊರಬಂದು ಗೋಂದಿನ ಹಾಗೆ ಎಳೆಯುತ್ತದೆ.

6. ಉಪ್ಪು, ಆಮೇಲೆ ಹುಳಿ

ಇಲ್ಲಿಯವರೆಗೆ ಉಪ್ಪು ಹಾಕಿದ್ದು ಈರುಳ್ಳಿಗೆ ಒಂದು ಚಿಟಿಕೆ. ಉಳಿಕೆಗಳಲ್ಲಿ ಎಷ್ಟು ಉಪ್ಪಿದೆ ಅಂತ ಅವು ಸೂಪ್‌ನಲ್ಲಿ ಬೆರೆಯುವ ತನಕ ಗೊತ್ತಾಗುವುದಿಲ್ಲ, ಅದಕ್ಕೇ ಕಾದದ್ದು. ಅರ್ಧ ಚಿಕ್ಕ ಚಮಚದಿಂದ ಶುರು ಮಾಡಿ, ಒಂದು ನಿಮಿಷ ಬಿಟ್ಟು ರುಚಿ ನೋಡಿ, ಮತ್ತೆ ಸ್ವಲ್ಪ. ಕುದಿಯುವ ಸೂಪ್ ನಾಲಿಗೆಗೆ ಬಿದ್ದರೆ ಸುಡುವುದು ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ, ಒಂದು ಚಮಚ ತಟ್ಟೆಗೆ ಹಾಕಿ ಆರಿಸಿ ನೋಡಿ.

ಉಪ್ಪು ಸರಿ ಇದೆ, ಆದರೂ ಏನೋ ಕಮ್ಮಿ. ಇದು ಎಲ್ಲರಿಗೂ ಬರುವ ಗೊಂದಲ, ಆಗ ಕೈ ತಾನಾಗಿ ಮತ್ತೆ ಉಪ್ಪಿನ ಡಬ್ಬಿಗೆ ಹೋಗುತ್ತದೆ. ತಡೆಯಿರಿ. ಎರಡು ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಸೂಪ್ ಹಾಕಿ, ಒಂದಕ್ಕೆ ಎರಡೇ ಹನಿ ನಿಂಬೆರಸ ಹಿಂಡಿ, ಎರಡನ್ನೂ ನೆಕ್ಕಿ ನೋಡಿ. ಹುಳಿ ಅಂತ ಅನ್ನಿಸದಷ್ಟು ಕಡಿಮೆ ಇದ್ದರೂ ನಿಂಬೆ ಬಿದ್ದ ಬಟ್ಟಲಿನಲ್ಲಿ ಕ್ಯಾರೆಟ್ಟು ಕ್ಯಾರೆಟ್ಟಿನ ಹಾಗೆ, ಬೇಳೆ ಬೇಳೆಯ ಹಾಗೆ ಬಿಡಿಬಿಡಿಯಾಗಿ ಗೊತ್ತಾಗುತ್ತದೆ. ಇದನ್ನು ಒಂದು ಸಲ ಮಾಡಿ ನೋಡಿದವರಿಗೆ ಮತ್ತೆ ಹೇಳಬೇಕಾಗಿಲ್ಲ. ಒಲೆ ಆರಿಸಿದ ಮೇಲೆ ಹಿಂಡಿ, ಕುದಿಸಿದರೆ ನಿಂಬೆಯ ಪರಿಮಳ ಹಾರಿಹೋಗುತ್ತದೆ. ನಿಂಬೆ ಇಲ್ಲದಿದ್ದರೆ ವಿನೆಗರ್ ಕಾಲು ಚಮಚದಿಂದ ಶುರು ಮಾಡಿ.

ಅದಾದ ಮೇಲೂ ಪೊಳ್ಳು ಅನ್ನಿಸಿದರೆ ಬೇಕಾಗಿರುವುದು ಉಮಾಮಿ. ಉಪ್ಪು, ಹುಳಿ, ಸಿಹಿ, ಕಹಿ ಬಿಟ್ಟು ನಾಲಿಗೆಗೆ ಗೊತ್ತಾಗುವ ಐದನೆಯ ರುಚಿ ಇದು, ಬಾಯಿ ತುಂಬಿದ ಹಾಗೆ ಅನ್ನಿಸುವಂಥದ್ದು. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ 1908ರಲ್ಲಿ ಕಡಲಪಾಚಿ ಬೇಯಿಸಿದ ನೀರಿನಿಂದ ಗ್ಲುಟಮೇಟ್ ಬೇರ್ಪಡಿಸಿ, ಅದರ ರುಚಿಗೆ ಈ ಹೆಸರಿಟ್ಟರು. ನಿಮ್ಮ ಮನೆಯಲ್ಲೇ ಅದು ಬೇರೆ ಬೇರೆ ರೂಪದಲ್ಲಿ ಇರುತ್ತದೆ: ಸೋಯಾ ಸಾಸ್, ಅಣಬೆ, ಮಾಗಿದ ಟೊಮೆಟೊ, ಹಳೆಯ ಗಟ್ಟಿ ಚೀಸ್. ಸೋಯಾ ಸಾಸ್ ಒಂದು ಚಿಕ್ಕ ಚಮಚ ಸಾಕು, ಅದರಲ್ಲಿ ಉಪ್ಪೂ ಇದೆ ಅನ್ನುವುದು ನೆನಪಿರಲಿ.

7. ಹಾಲು, ಕೆನೆ, ಮೊಸರು

ಬೇಕೇ ಬೇಕು ಅಂತಿಲ್ಲ. ಹಾಕುವುದಾದರೆ ಒಲೆ ಆರಿಸಿ ಹಾಕಿ. ಟೊಮೆಟೊ ಇರುವ ಸೂಪ್‌ಗೆ ಹಾಲು ಹಾಕಿ ಕುದಿಸಿದರೆ ಒಡೆಯುತ್ತದೆ, ಕೆನೆ ಆದರೆ ಅದರಲ್ಲಿ ಕೊಬ್ಬು ಜಾಸ್ತಿ ಇರುವುದರಿಂದ ತಡೆದುಕೊಳ್ಳುತ್ತದೆ. ಮೊಸರಿಗೆ ಮೊದಲು ಎರಡು ಸೌಟು ಬಿಸಿ ಸೂಪ್ ಬೆರೆಸಿ ಬೆಚ್ಚಗೆ ಮಾಡಿಕೊಂಡು, ಆಮೇಲೆ ಪಾತ್ರೆಗೆ ಸೇರಿಸಿ. ಹಾಲು ಅಥವಾ ಮೊಸರು ಹಾಕಿದರೆ ನಿಂಬೆ ಬಿಟ್ಟುಬಿಡಿ.

ಎಡವಟ್ಟಾದಾಗ

ಉಪ್ಪು ಜಾಸ್ತಿ ಆಯಿತಾ? ಆಲೂಗಡ್ಡೆ ಹಾಕಿದರೆ ಉಪ್ಪು ಹೀರಿಕೊಳ್ಳುತ್ತದೆ ಅನ್ನುವುದನ್ನು ನಂಬಬೇಡಿ. ಅದು ಉಪ್ಪುನೀರನ್ನು ಹೀರುತ್ತದೆ ನಿಜ, ಆದರೆ ಉಪ್ಪನ್ನಷ್ಟೇ ಆರಿಸಿ ತೆಗೆಯುವುದಿಲ್ಲ, ಉಳಿದ ನೀರು ಅಷ್ಟೇ ಉಪ್ಪಾಗಿರುತ್ತದೆ. ನೀರು ಸೇರಿಸಿ, ಜೊತೆಗೆ ಉಪ್ಪಿಲ್ಲದ ಬೇಳೆಯೋ ತರಕಾರಿಯೋ ಬೇಯಿಸಿ ಹಾಕಿ. ಪ್ರಮಾಣ ಹೆಚ್ಚುತ್ತದೆ, ಇರಲಿ, ನಾಳೆಗಾಗುತ್ತದೆ.

ತಳ ಹಿಡಿದ ವಾಸನೆ ಬಂದರೆ ಸೌಟು ಹಾಕಿ ಕೆರೆಯಬೇಡಿ! ಒಲೆ ಆರಿಸಿ, ಮೇಲಿನದ್ದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ. ಸೀದದ್ದು ತಳದಲ್ಲೇ ಉಳಿದರೆ ಸೂಪ್ ಬಚಾವ್. ಕೆರೆದರೆ ಇಡೀ ಪಾತ್ರೆಗೆ ಹೊಗೆ ವಾಸನೆ ಹತ್ತುತ್ತದೆ.

ಖಾರ ಜಾಸ್ತಿ ಆದರೆ ಕೆನೆ ಅಥವಾ ಬೆಣ್ಣೆ. ನೀರು ಕುಡಿದರೆ ಖಾರ ಹೋಗುವುದಿಲ್ಲ ಅಲ್ವಾ, ಸೂಪ್‌ನಲ್ಲೂ ಅದೇ ಕಥೆ.

ಉಳಿದ ಸೂಪ್ ಉಳಿಸುವುದು

ದೊಡ್ಡ ಪಾತ್ರೆಯನ್ನು ಹಾಗೇ ಆರಲು ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಸುಮಾರು 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆಯುತ್ತವೆ. ಅಗಲವಾದ, ಆಳ ಕಡಿಮೆ ಇರುವ ಡಬ್ಬಿಗಳಿಗೆ ಹಂಚಿ, ಅಥವಾ ಪಾತ್ರೆಯನ್ನು ತಣ್ಣೀರು ತುಂಬಿದ ಬೇಸಿನ್‌ನಲ್ಲಿಟ್ಟು ಕೈಯಾಡಿಸಿ, 2 ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಬೇಕಾದಷ್ಟನ್ನು ಮಾತ್ರ ತೆಗೆದು ಬಿಸಿ ಮಾಡಿ. ಇದರಲ್ಲಿ ಮೊದಲೇ ಉಳಿಕೆ ಇರುವುದರಿಂದ ದಿನಗಟ್ಟಲೆ ಇಟ್ಟುಕೊಳ್ಳಬೇಡಿ, ಮರುದಿನಕ್ಕೆ ಮುಗಿಸಿ. ಮುಗಿಯುವುದಿಲ್ಲ ಅನ್ನಿಸಿದರೆ ಮಾಡಿದ ದಿನವೇ ಫ್ರೀಜರ್‌ಗೆ ಹಾಕಿ.

ಫ್ರೀಜರ್‌ನಲ್ಲಿ 2-3 ತಿಂಗಳು ರುಚಿ ಚೆನ್ನಾಗಿರುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಡಬ್ಬಿಯನ್ನು ಕಂಠದ ತನಕ ತುಂಬಬೇಡಿ, ಎರಡು ಬೆರಳು ಜಾಗ ಬಿಡಿ. ಹಾಲು, ಮೊಸರು ಹಾಕಿದ್ದು ಕರಗಿದ ಮೇಲೆ ಒಡೆದ ಹಾಗೆ ಕಾಣುತ್ತದೆ, ಆಲೂಗಡ್ಡೆ ತುಂಡುಗಳು ಪುಡಿಪುಡಿಯಾಗುತ್ತವೆ. ಹಾಗಾಗಿ ಬೇಳೆ, ಕುಂಬಳಕಾಯಿ, ಕ್ಯಾರೆಟ್ ಸೂಪ್‌ಗಳನ್ನೇ ಇಡಿ. ಡಬ್ಬಿಯ ಮೇಲೆ ದಿನಾಂಕದ ಜೊತೆ ಒಳಗೇನಿದೆ ಅಂತಲೂ ಬರೆಯಿರಿ, ಹೆಪ್ಪುಗಟ್ಟಿದ ಮೇಲೆ ಆ ಮೂರೂ ನೋಡಲು ಒಂದೇ.